ಪ್ಲಗ್ ಕಿತ್ತ ಮೇಲೆ ಕೇಳಿದ ಹಾಡು

ಪ್ರತಿಯೊಂದು ಸದ್ದಿಗೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿ ಬದುಕಿದವನು ನಾನು. ಹೊಳೆನರಸೀಪುರದ ಪೇಟೆಯಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವನಿಗೆ ಬೇರೆ ನಂಬಿಕೆ ಇರುವುದಾದರೂ ಹೇಗೆ? ಯಾರಾದರೂ ದೆವ್ವ, ಗಾಳಿ ಎಂದು ಮಾತು ತೆಗೆದರೆ, "ಎಲ್ಲೋ ವೈರು ಲೂಸಾಗಿರ್ಬೇಕು, ನೋಡ್ಕಳಿ" ಎಂದು ನಗುತ್ತಿದ್ದೆ. ದೆವ್ವಗಳನ್ನು ಈಗಲೂ ನಂಬುವುದಿಲ್ಲ. ಆದರೆ ಆ ನಗು ನಿಂತು ಬಹಳ ವರ್ಷವಾಯಿತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಹಾಸನದ ಒಂದು ಚರ್ಚಿನಿಂದ ಅಂಗಡಿಗೆ ಫೋನು ಬಂತು. ಮಾತಾಡಿದವರು ಅಲ್ಲಿ ಆರ್ಗನ್ ನುಡಿಸುತ್ತಿದ್ದ ಗ್ರೇಸ್ ಟೀಚರ್, ಶಾಲೆಯ ಕೆಲಸದಿಂದ ನಿವೃತ್ತರಾದವರು. ಯಾರೋ ಹೊರದೇಶದಿಂದ ಕಳಿಸಿದ್ದ ಹಳೆಯ ಡಿಜಿಟಲ್ ಆರ್ಗನ್ ಆರಾಧನೆಯ ನಡುವೆ ಬೇಡದ ಸದ್ದು ಮಾಡುತ್ತಿದೆಯಂತೆ. ಭಾನುವಾರದೊಳಗೆ ಸರಿಹೋಗದಿದ್ದರೆ ಅದನ್ನು ಮೂಲೆಗಿಟ್ಟು ಸಣ್ಣ ಕೀಬೋರ್ಡ್ ತರಿಸುತ್ತೇವೆ ಎಂದು ಪಾದ್ರಿಗಳು ಹೇಳಿಬಿಟ್ಟಿದ್ದರು. "ಕೀಬೋರ್ಡ್ ನುಡಿಸೋಕೆ ಬೇರೆಯವರಿದ್ದಾರೆ ಸರ್. ನಂಗೆ ಇದೊಂದೇ ಬರೋದು. ಇದು ಹೋದ್ರೆ ನಾನೂ ಸುಮ್ನೆ ಬೆಂಚಲ್ಲಿ ಕೂತ್ಕೋಬೇಕು" ಎಂದರು.

ಹೊರಡುವ ಮನಸ್ಸು ನನಗಿರಲಿಲ್ಲ. ಅವ್ವನಿಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಅಷ್ಟು ದಿನದಲ್ಲಿ ಅವಳ ಬಾಯಿಂದ ಒಂದು ದನಿಯೂ ಹೊರಟಿರಲಿಲ್ಲ. ಆ ವಾರವಂತೂ ಊಟವನ್ನೇ ಬಿಟ್ಟಿದ್ದಳು. ಚಮಚ ಹತ್ತಿರ ತಂದರೆ ಗೋಡೆಯ ಕಡೆ ಮುಖ ತಿರುಗಿಸುವಳು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರೂ ಸೂಚನೆ ಕೊಟ್ಟಿದ್ದರು. ಕೊನೆಗೆ ನನ್ನ ಹೆಂಡತಿ ಸಾವಿತ್ರಿಯೇ, "ಓಗ್ಬನ್ನಿ, ನಾನಿಲ್ವಾ? ನೀವು ಇಲ್ಲಿ ಕುಂತು ಮಾಡೋದಾದ್ರೂ ಏನು?" ಎಂದು ಕಳಿಸಿದಳು.

ಚರ್ಚಿನಲ್ಲಿ ಟೀಚರ್ ಬಿಟ್ಟರೆ ಯಾರೂ ಇರಲಿಲ್ಲ. ಅಂಥ ಆರ್ಗನ್ನನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಹಿಂದಿನ ಹಲಗೆ ಬಿಚ್ಚಿದಾಗ ಒಳಗಿದ್ದದ್ದೆಲ್ಲ ಪರಿಚಯದ ಸಾಮಾನೇ. ಸದ್ದು ಹೆಚ್ಚು ಕಡಿಮೆ ಮಾಡುವ ಪೆಡಲ್ ಒತ್ತಿದರೆ ಕರಕರ ಎನ್ನುತ್ತಿತ್ತು, ಒಳಗೆ ಧೂಳು ಕೂತಿತ್ತು. ಕೀಲಿಮಣೆಯ ಒಂದು ಮನೆ ಒತ್ತಿದರೆ ಬೆರಳು ತೆಗೆದ ಮೇಲೂ ಸ್ವರ ನಿಲ್ಲುತ್ತಿರಲಿಲ್ಲ, ಅದರ ಕಾಂಟ್ಯಾಕ್ಟ್ ಕಿಲುಬು ಹಿಡಿದು ಹಸಿರುಗಟ್ಟಿತ್ತು. ಎರಡನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದೆ. ಉಳಿದದ್ದು ಸದಾ ಗುಂಯ್ ಎನ್ನುವ ಸದ್ದು. ಅದಕ್ಕೆ ಪವರ್ ಸಪ್ಲೈನಲ್ಲಿ ಕರೆಂಟನ್ನು ಹದಮಾಡುವ, ಈಗ ಒಣಗಿದ್ದ ಎರಡು ದಪ್ಪ ಕಂಡೆನ್ಸರುಗಳೇ ಕಾರಣ ಎನ್ನಿಸಿತು. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಕಾದು, ಬೆಸುಗೆ ಬಿಡಿಸಿ ಎರಡನ್ನೂ ಹೊರತೆಗೆದೆ. ಗಡಿಯಾರ ನೋಡಿದೆ, ಮೂರು ಗಂಟೆಗೆ ಐದು ನಿಮಿಷವಿತ್ತು.

ಬಣ್ಣದ ಗಾಜಿನಿಂದ ಬಂದ ಬಿಸಿಲು ನೆಲದ ಮೇಲೆ ನೀಲಿಯಾಗಿ, ಕೆಂಪಾಗಿ ಹರಡಿತ್ತು. ಬಹಳ ಹೊತ್ತು ಬಗ್ಗಿ ಕೂತಿದ್ದರಿಂದಲೋ ಏನೋ, ಆ ಬಣ್ಣ ನೀರಿನಂತೆ ಮೆಲ್ಲಗೆ ಅಲುಗುತ್ತಿದೆ ಅನ್ನಿಸುತ್ತಿತ್ತು. ಕಂಡೆನ್ಸರುಗಳು ಇನ್ನೂ ನನ್ನ ಅಂಗೈಯಲ್ಲಿದ್ದವು. ಆಗ ಆರ್ಗನ್ನಿನ ಒಳಗಿನಿಂದ ಯಾರೋ ಗುನುಗತೊಡಗಿದರು.

"ಸ್ವಿಚ್ ಹಾಕಿದ್ರಾ ಸರ್?" ಎಂದು ಟೀಚರ್ ಬೆಂಚಿನಿಂದ ಕೇಳಿದರು.

"ಇಲ್ಲ ಮೇಡಂ" ಎಂದು ಪ್ಲಗ್ ಎತ್ತಿ ತೋರಿಸಿದೆ.

ಅವರು ಹತ್ತಿರ ಬಂದು ಕಿವಿಗೊಟ್ಟರು. "ಯಾರೋ ಹೆಂಗಸು. ವಯಸ್ಸಾದವ್ರು" ಎಂದರು ಮೆಲ್ಲಗೆ.

ಅದು ಯಾರೆಂದು ನನಗೆ ಗೊತ್ತಿತ್ತು. ಅವ್ವ ಒರಳಿನ ಮುಂದೆ ಕೂತು ಹಿಟ್ಟು ರುಬ್ಬುವಾಗ ಗುನುಗುತ್ತಿದ್ದ ರಾಗ ಅದು. ಅದಕ್ಕೆ ಮಾತಿಲ್ಲ, ಹೆಸರೂ ಇಲ್ಲ, ಅವಳೇ ಕಟ್ಟಿಕೊಂಡದ್ದು. ಮೂರು ಸುತ್ತು ಹಾಡಿ, ಅಂಚಿಗೆ ಬಂದ ಹಿಟ್ಟನ್ನು ಒಳಕ್ಕೆ ತಳ್ಳಲು ಒಂದು ಗಳಿಗೆ ನಿಲ್ಲುವಳು, ಮತ್ತೆ ಶುರು. ಇಲ್ಲೂ ಹಾಗೇ ನಿಂತಿತು, ಮತ್ತೆ ಹಾಗೇ ಶುರುವಾಯಿತು. ನಾನು ಬಾಗಿಲು ತೆಗೆದು ಹೊರಗೆ ಹೋಗಿ ನೋಡಿದೆ. ಕಾಂಪೌಂಡಿನಲ್ಲಿ ಯಾರೂ ಇಲ್ಲ, ಅಲ್ಲಿ ಸದ್ದೂ ಕೇಳಿಸಲಿಲ್ಲ. ಒಳಗೆ ಬಂದರೆ ಮತ್ತೆ ಕೇಳಿಸಿತು. ಆರ್ಗನ್ನಿನ ಮರದ ಮೇಲೆ ಕೈಯಿಟ್ಟೆ. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ. ಭಯವೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಅಲ್ಲೇ ತಲೆಯಿಟ್ಟು ಮಲಗಿಬಿಡೋಣ ಅನ್ನಿಸಿತು. ಐದು ನಿಮಿಷ ಇದ್ದಿರಬಹುದು. ಆಮೇಲೆ ನಿಂತುಹೋಯಿತು.

ಹೊಸ ಕಂಡೆನ್ಸರ್ ಕೂರಿಸಿ ಸ್ವಿಚ್ ಹಾಕಿದೆ. ಟೀಚರ್ ನುಡಿಸಿದರು. ಗುಂಯ್ ಸದ್ದು ಹೋಗಿತ್ತು. ಅವರ ಕಣ್ಣು ತುಂಬಿತ್ತು, ಯಾವುದಕ್ಕೆಂದು ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಒಂದೇ ಯೋಚನೆ: ಅವ್ವ ಹೋಗಿಬಿಟ್ಟಳು. ಮನೆಯ ತಿರುವಿನಲ್ಲಿ ಇಳಿದಾಗ ಬಾಗಿಲಲ್ಲಿ ಜನ ಸೇರಿದ್ದಾರೆಯೇ ಎಂದು ದೂರದಿಂದಲೇ ನೋಡಿದೆ. ಸಾವಿತ್ರಿ ಒಬ್ಬಳೇ ನಿಂತಿದ್ದಳು.

"ಅತ್ತೆ ಇವತ್ತು ಹಾಡ್ಬುಟ್ರು ಕಣ್ರೀ!" ಎಂದಳು ನನ್ನನ್ನು ಕಂಡೊಡನೆ.

"ಯಾವಾಗ?"

"ಮಧ್ಯಾಹ್ನ, ಮೂರು ಗಂಟೆ ಇರ್ಬೇಕು. ಕಣ್ಮುಚ್ಕಂಡು ಊಂ ಊಂ ಅಂತ ಒಂದೈದು ನಿಮಿಷ. ಆಮೇಲೆ ಅವ್ರೇ ಬಾಯ್ ತೆಗದ್ರು, ಒಂದು ಲೋಟ ಗಂಜಿ ಕುಡುದ್ರು."

ಒಳಗೆ ಹೋಗಿ ಪಕ್ಕದಲ್ಲಿ ಕೂತೆ. "ಅವ್ವಾ, ಮಧ್ಯಾಹ್ನ ಎಲ್ಲಿಗೋಗಿದ್ದೆ?" ಎಂದು ಕೇಳಿದೆ. ಅವಳು ನನ್ನನ್ನೇ ನೋಡಿದಳು. ಮುಖದ ಅರ್ಧ ಭಾಗ ನಕ್ಕಿತು.

ಅವ್ವ ಇನ್ನೂ ಮೂರು ವರ್ಷ ಬದುಕಿದಳು. ಕೊಟ್ಟದ್ದನ್ನು ಉಣ್ಣುತ್ತಿದ್ದಳು, ಆದರೆ ಮತ್ತೆಂದೂ ಅವಳ ದನಿ ಹೊರಡಲಿಲ್ಲ. ತಿಳಿದವರು ಒಬ್ಬರು, ಯಾವುದೋ ರೇಡಿಯೊ ಸ್ಟೇಷನ್ ಸ್ಪೀಕರಿನ ವೈರಿಗೆ ಸಿಕ್ಕಿರಬೇಕು ಎಂದರು. ಅಂಥದ್ದನ್ನು ನಾನೇ ಎಷ್ಟೋ ಸಲ ಸರಿಮಾಡಿದ್ದೇನೆ, ಅದು ಹೇಗಿರುತ್ತದೆಂದು ಬಲ್ಲೆ, ಇದು ಅದಲ್ಲ. ಇನ್ನೊಬ್ಬರು, ನಿನ್ನ ಮನಸ್ಸೇ ಹಾಡಿತು ಎಂದರು. ಹಾಗಾದರೆ ಟೀಚರಿಗೆ ಕೇಳಿಸಿದ್ದು ಏನು?

ಅವ್ವ ಕೊನೆಯ ಸಲ ಹಾಡಿದಾಗ ಕೇಳಿಸಿಕೊಂಡವರು ಮೂರು ಜನ. ಒಬ್ಬಳು ಅವಳ ಮಂಚದ ಪಕ್ಕದಲ್ಲಿದ್ದಳು. ಇನ್ನಿಬ್ಬರು ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಾಚೆ ಇದ್ದೆವು.