ಅತ್ತೆ ಮತ್ತೆ ಜೋಳದ ಚೀಲ ಎತ್ತಿದ್ದು

ಪಾಮನಕಲ್ಲೂರಿನಲ್ಲಿದ್ದಾಗ ನಮ್ಮ ಅತ್ತೆ ಅರ್ಧ ಚೀಲ ಜೋಳವನ್ನು ಯಾರನ್ನೂ ಕರೆಯದೆ ಸೊಂಟಕ್ಕೇರಿಸಿಕೊಂಡು ಒಳಗೆ ತಂದಿಡುತ್ತಿದ್ದರು. ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ಕಂಡು ನಾನು ಹೆದರಿದ್ದೆ. ಆಮೇಲೆ ನನ್ನ ಗಂಡ ಮಸ್ಕಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟರು, ನಾವೆಲ್ಲ ಇಲ್ಲಿಗೆ ಬಂದೆವು. ಇಲ್ಲಿ ಮನೆಯೊಳಗೆ ನಲ್ಲಿ, ಓಣಿಯಲ್ಲೇ ಹಿಟ್ಟಿನ ಗಿರಣಿ. ಅತ್ತೆ ಕೊಡ ಮುಟ್ಟಲು ಹೋದರೆ ನಾನು ಕಸಿದುಕೊಳ್ಳುತ್ತಿದ್ದೆ. ರೊಟ್ಟಿ ಬಡಿಯಲು ಕೂತರೆ ಎಬ್ಬಿಸಿ ಕುರ್ಚಿಗೆ ಕಳಿಸುತ್ತಿದ್ದೆ. ಬಂದವರು, ಅತ್ತೆಯನ್ನು ಹೂವಿನಂತೆ ನೋಡಿಕೊಳ್ಳುತ್ತಾಳೆ ಎಂದು ಹೊಗಳುತ್ತಿದ್ದರು. ನನಗೂ ಹೆಮ್ಮೆಯೇ ಇತ್ತು.

ಎಪ್ಪತ್ತೈದು ದಾಟುವ ಹೊತ್ತಿಗೆ ಅವರು ಕೇಳಿದ್ದನ್ನೇ ಕೇಳತೊಡಗಿದರು. ಉಂಡು ಕೈ ತೊಳೆದವರೇ ಇನ್ನೂ ಊಟ ಆಗಿಲ್ಲವಲ್ಲ ಎನ್ನುತ್ತಿದ್ದರು. ವಯಸ್ಸು ಎಂದು ನಾವು ಸುಮ್ಮನಿದ್ದೆವು. ಒಂದು ಬೆಳಿಗ್ಗೆ ದೇವರ ಜಗುಲಿಯ ಮುಂದೆ ವಿಭೂತಿ ಗಟ್ಟಿ ಹಿಡಿದು ನಿಂತೇ ಇದ್ದರು.

“ಯವ್ವಾ, ಇದನ್ನ ಏನ ಮಾಡತಾರ?” ಎಂದು ನನ್ನನ್ನು ಕೇಳಿದರು.

ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ದಿನವೂ ಲಿಂಗಪೂಜೆ ಮಾಡಿಕೊಂಡು ಬಂದವರು. ನಾನು ಅವರ ಕೈ ಹಿಡಿದು ಹಣೆಗೆ ಹಚ್ಚಿಸಿದೆ. ಅದೇ ವಾರ ಬಚ್ಚಲಲ್ಲಿ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ಆದರೆ ಅಂದಿನಿಂದ ಗೋಡೆ ಬಿಟ್ಟು ನಡೆಯುವುದನ್ನು ನಿಲ್ಲಿಸಿದರು.

ಅವರನ್ನು ಲಿಂಗಸುಗೂರಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಇದು ಯಾವ ತಿಂಗಳು, ಬೆಳಿಗ್ಗೆ ಏನು ತಿಂದಿರಿ ಎಂದೆಲ್ಲ ಕೇಳಿದರು. ಕೊನೆಗೆ, ಕೈ ಊರದೆ ಕುರ್ಚಿಯಿಂದ ಏಳಿ ಎಂದರು. ಅತ್ತೆ ಮೂರು ಸಲ ಪ್ರಯತ್ನಿಸಿ ನನ್ನ ಮುಖ ನೋಡಿದರು. ರಕ್ತ ಪರೀಕ್ಷೆ ಬರೆದುಕೊಟ್ಟು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ನೆನಪು ಸ್ವಲ್ಪ ಸ್ವಲ್ಪ ಸಡಿಲವಾಗುತ್ತಿದೆ, ಅದನ್ನು ಪೂರ್ತಿ ತಡೆಯುತ್ತೇನೆಂದು ಯಾರೂ ಮಾತು ಕೊಡಲಾರರು. ಆದರೆ ಮೈಯ ಕಸುವು ಉಳಿಸಿಕೊಂಡರೆ ತಲೆಗೂ ಒಳ್ಳೆಯದು, ಅದು ನಿಮ್ಮ ಕೈಯಲ್ಲಿದೆ ಎಂದರು. ಎಷ್ಟು ವರ್ಷದಿಂದ ಮನೆಗೆಲಸ ಬಿಡಿಸಿದ್ದೀರಿ ಎಂದೂ ಕೇಳಿದರು. ಹನ್ನೆರಡು ವರ್ಷ ಎನ್ನುವಾಗ ನನ್ನ ಧ್ವನಿ ಇಳಿದಿತ್ತು.

ವ್ಯಾಯಾಮ ಹೇಳಿಕೊಡುವ ಹುಡುಗಿ ಪಕ್ಕದ ಕೋಣೆಯಲ್ಲಿದ್ದಳು. ಕುರ್ಚಿಯಿಂದ ಎದ್ದು ಕೂರುವುದು, ಅಡಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಬಟ್ಟೆಯ ಚೀಲದಲ್ಲಿ ಎರಡು ಕಿಲೋ ಜೋಳ ತುಂಬಿ ನೆಲದಿಂದ ಎದೆಮಟ್ಟ ಎತ್ತಿ ಇಳಿಸುವುದು. ದಿನ ಬಿಟ್ಟು ದಿನ ಮಾಡಬೇಕು, ಹಗುರ ಅನಿಸಿದಾಗ ಒಂದು ಬಟ್ಟಲು ಜೋಳ ಹೆಚ್ಚಿಸಬೇಕು. ಮನೆಗೆ ಬಂದ ಮೇಲೆ ಅತ್ತೆ ಒಂದೇ ಕರಾರು ಹಾಕಿದರು.

“ನೀ ಮಾಡಿದ್ರ ನಾ ಮಾಡ್ತೀನಿ. ನಾ ಒಬ್ಬಾಕಿ ಯಾಕ ಮಂಗ್ಯಾನಂಗ ಕುಣೀಲಿ?”

ನನಗೆ ಆಗ ಐವತ್ತಾರು. ಎಂಟನೇ ಸಲ ಏಳುವಾಗ ತೊಡೆ ನಡುಗಿ ಕುರ್ಚಿಗೆ ಕುಸಿದೆ. ಅತ್ತೆ ಬಹಳ ದಿನಗಳ ನಂತರ ನಕ್ಕದ್ದು ಆಗಲೇ.

ಮೊದಮೊದಲು ಎಣಿಕೆಯೇ ತೊಡಕಾಯಿತು. ಆರು ಆದ ಮೇಲೆ ಮತ್ತೆ ನಾಲ್ಕಕ್ಕೆ ಬರುತ್ತಿದ್ದರು, ತಪ್ಪಿತೆಂದು ತಿಳಿದು ಸಿಟ್ಟಾಗಿ ಚೀಲ ಇಟ್ಟುಬಿಡುತ್ತಿದ್ದರು. ಎರಡನೇ ತಿಂಗಳಲ್ಲಿ ಒಂದು ದಿನ ತಾವಾಗಿಯೇ ಅಂಕಿ ಬಿಟ್ಟು ಮಳೆಗಳ ಹೆಸರು ಹಿಡಿದರು. ರೋಹಿಣಿ ಎಂದು ಒಂದು ಸಲ ಎತ್ತಿದರು, ಮಿರಗ ಎಂದು ಇನ್ನೊಂದು ಸಲ. ಆರಿದ್ರ, ಪುನರ್ವಸು ಆದ ಮೇಲೆ ಮುಂದಿನದು ಬರಲಿಲ್ಲ. ಚೀಲ ಎದೆಗೆ ಹಿಡಿದೇ ನಿಂತರು. ನಾನು ಹೇಳಿಕೊಡಲು ಹೋದೆ, ತಲೆಯಾಡಿಸಿ ಬೇಡವೆಂದರು. ಬಹಳ ಹೊತ್ತಿನ ಮೇಲೆ ಮೆಲ್ಲಗೆ, ಪುಷ್ಯ ಎಂದರು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವ್ಯಾಯಾಮದ ಹುಡುಗಿ ಇದನ್ನು ಕೇಳಿ, ಹೀಗೇ ಮಾಡಿಸಿ, ಮೈ ಜೊತೆಗೆ ಮನಸ್ಸೂ ದುಡಿಯಲಿ ಎಂದಳು.

ಬಳಗಾನೂರಿಗೆ ಕೊಟ್ಟಿದ್ದ ನಾದಿನಿ ತಾಯಿಯನ್ನು ನೋಡಲು ಬಂದದ್ದು ಅದೇ ದಿನಗಳಲ್ಲಿ. ನಡುಮನೆಯಲ್ಲಿ ತಾಯಿ ಚೀಲ ಎತ್ತುತ್ತಿರುವುದನ್ನು ಕಂಡು ಅವಳ ಮುಖ ಕಪ್ಪಿಟ್ಟಿತು. ಕೆಲಸದಾಳಿಗೂ ಹೀಗೆ ಮಾಡುವುದಿಲ್ಲ, ಮಂದಿ ಏನೆಂದಾರು ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ನನಗೆ ಕಣ್ಣು ತುಂಬಿದವು. ಅತ್ತೆ ಚೀಲವನ್ನು ಬೀಳದಂತೆ ಕೆಳಗಿಟ್ಟು ಮಗಳ ಕಡೆ ತಿರುಗಿದರು.

“ಅಕಿಗ್ಯಾಕ ಅಂತಿ? ಕುಂದ್ರಿಸಿ ಕುಂದ್ರಿಸಿ ನನ್ನ ಕಾಲ ಕಸಗೊಂಡಿದ್ರಿ ನೀವೆಲ್ಲಾ. ಈಗ ನಾನ ತಗೊಳ್ಳಾಕತ್ತೀನಿ.”

ಆ ‘ನೀವೆಲ್ಲಾ’ದಲ್ಲಿ ನಾನೂ ಇದ್ದೆ. ನೋವಾಯಿತು, ಆದರೂ ಅದು ನಿಜವಾಗಿತ್ತು.

ವರ್ಷ ತುಂಬುವಷ್ಟರಲ್ಲಿ ಅತ್ತೆ ಕೈ ಊರದೆ ಹತ್ತು ಸಲ ಏಳುತ್ತಿದ್ದರು. ಚೀಲ ಐದು ಕಿಲೋ ಆಗಿತ್ತು. ಪೂಜೆಯನ್ನು ಮೊದಲಿನಂತೆ ತಾವೇ ಮಾಡಿಕೊಳ್ಳುತ್ತಾರೆ. ಹಾಗೆಂದು ಎಲ್ಲವೂ ಮರಳಲಿಲ್ಲ. ಗುಳಿಗೆ ತೆಗೆದುಕೊಂಡದ್ದು ಈಗಲೂ ಮರೆಯುತ್ತದೆ. ನನ್ನ ಮಗಳನ್ನು ಕೆಲವೊಮ್ಮೆ ತಮ್ಮ ಸತ್ತ ತಂಗಿಯ ಹೆಸರಿನಿಂದ ಕರೆಯುತ್ತಾರೆ. ಇದು ಇದ್ದದ್ದೇ, ಇಳಿಜಾರಿನಲ್ಲಿ ನಿಧಾನ ಹೋಗುವುದೂ ಗೆಲುವೇ ಎಂದು ಡಾಕ್ಟರು ಹೇಳಿದ್ದಾರೆ.

ಹೋದ ತಿಂಗಳು ಇಬ್ಬರೂ ಬಳಗಾನೂರಿಗೆ ಹೋದೆವು. ಬಸ್ಸಿನ ಎತ್ತರದ ಮೆಟ್ಟಿಲನ್ನು ಅತ್ತೆ ಕಂಬಿ ಹಿಡಿದು ತಾವೇ ಹತ್ತಿದರು. ಕಾಲುವೆ ದಾಟುವಾಗ, ನೆಲ್ಲಿನ ಗದ್ದೆಗಳ ಹಸಿರು ನೋಡುತ್ತ, ಯಾವ ಊರಿಗೆ ಹೊಂಟೀವಿ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೇಳಿದೆ. ಊಟವಾದ ಮೇಲೆ ನಾದಿನಿ ನನ್ನನ್ನು ಅಡಿಗೆಮನೆಗೆ ಕರೆದು ಬಾಗಿಲು ಸ್ವಲ್ಪ ಮುಂದೆ ಮಾಡಿದಳು. ಅವಳಿಗೂ ಐವತ್ತು ದಾಟಿದೆ.

“ವೈನಿ, ಭುಜ ನೋಯ್ತಾವ, ನನಗ ತುಂಬಿದ ಕುಕ್ಕರ್ ಎತ್ತಾಕ ಆಗವಲ್ದು. ನಾ ಎಷ್ಟ ಕಿಲೋದಿಂದ ಶುರು ಮಾಡಲಿ?”

ಮೊದಲು ಸಿಂಧನೂರಿಗೆ ಹೋಗಿ ಡಾಕ್ಟರಿಗೆ ಭುಜ ತೋರಿಸು ಎಂದೆ. ಅವಳು ಸೋಮವಾರ ಹೋಗುತ್ತೇನೆಂದಳು, ಹೋಗಿಯೂ ಬಂದಳು.