ಹಗ್ಗ ಎಳೆಯುವವಳು

ಕಲಘಟಗಿಯ ನಮ್ಮ ಓಣಿಯ ಕಾಳಪ್ಪ ಬಡಿಗೇರನಿಗೆ ತೊಟ್ಟಿಲಿನ ಕಾಲು ಕಡೆಯಲು ಇನ್ನೊಂದು ಜೀವ ಬೇಕಿತ್ತು. ಹೆಂಡತಿ ನೀಲವ್ವ ಎದುರಿಗೆ ಕೂತು, ಮರದ ತುಂಡಿಗೆ ಸುತ್ತಿದ ಹಗ್ಗವನ್ನು ಆಚೀಚೆ ಎಳೆದು ತಿರುಗಿಸುತ್ತಿದ್ದಳು. ಇವನು ಉಳಿ ಹಿಡಿಯುತ್ತಿದ್ದ.

ಅವಳ ರಟ್ಟೆ ನೋಯುತ್ತದೆಂದು ಇವನೇ ಒಂದು ಮಶೀನು ಕಟ್ಟಿದ. ಗುಜರಿಯ ವಾಷಿಂಗ್ ಮಶೀನಿನ ಮೋಟರು, ಸೈಕಲ್ ಗಾಲಿ, ಮುರಿದ ಮಂಚ. ಮೊದಲ ದಿನ ಅದು ಗಡಗಡ ನಡುಗುತ್ತ ತಾನೇ ನಡೆದು ಅಂಗಳಕ್ಕೆ ಹೋಯಿತು. ನೀಲವ್ವ ಸೆರಗು ಬಾಯಿಗೊತ್ತಿ ನಕ್ಕಳು. ಆಮೇಲೆ ಅದಕ್ಕೆ ಬೀಸುಕಲ್ಲು ಕಟ್ಟಿ ನಿಲ್ಲಿಸಿದ.

ಈಗ ಕೆಲಸವೇನೋ ಭರ್ಜರಿ ಸಾಗುತ್ತದೆ. ನೀಲವ್ವ ಪಡಸಾಲೆಯಲ್ಲಿ ಧಾರಾವಾಹಿ ನೋಡುತ್ತಾಳೆ. ಎದುರಿನ ಮಣೆ ಖಾಲಿ. ಹಗ್ಗದ ಜೊತೆ ಬರುತ್ತಿದ್ದ ಓಣಿಯ ಸುದ್ದಿ, ಬೈಗುಳ, ಬಳೆಯ ಸದ್ದು ಯಾವುದೂ ಆ ಹಾಳು ಮೋಟರಿಗೆ ಬರುವುದಿಲ್ಲ. ಸುಮ್ಮನೆ ಬಾ ಎಂದು ಕರೆಯಲು ಇವನಿಗೆ ನಾಚಿಕೆ. ಮಶೀನು ಕಟ್ಟಿದವನು ತಾನೇ ಅಲ್ಲವೇ!

ನಿನ್ನೆ ಸಂಜೆ ಕಾಳಪ್ಪ ಮೋಟರಿನ ಬೆಲ್ಟು ಬಿಚ್ಚಿ ಕಿಸೆಗೆ ಹಾಕಿಕೊಂಡು ಕೂಗಿದ: “ನೀಲಾ, ಮಶೀನ್ ಕೆಟ್ಟೈತಿ. ಜರಾ ಹಗ್ಗ ಹಿಡಿ ಬಾ ಬೇ.”

ಅವಳು ಟಿವಿ ಆರಿಸಿ ಬಂದಳು. ಮಣೆಯ ಧೂಳು ಕೊಡವಿ ಕೂತು, ಹಗ್ಗ ಸುತ್ತಿಕೊಂಡಳು.

“ಕಿಸೇದಾಗಿನ ಬೆಲ್ಟ್ ಹೊರಗ ಜೋತೈತಿ,” ಎಂದಳು. “ಒಳಗ ತುರುಕ್ರಿ.”