ಮೀಟರಿನ ಮೇಲಿನ ಕಪ್ಪು ಟೇಪು

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹಟ್ಟಿಕೇರಿಯಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಗ್ಯಾರೇಜಿದೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಬೈಕುಗಳ ರೋಗ ಹೇಳುತ್ತಿದ್ದೆ. ಕಾರ್ಬುರೇಟರಿನ ಗಾಳಿ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಮದ್ದೂ ಮುಗಿಯಿತು. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ, ಗಿರಾಕಿಗಳಿಗೆ ಹಿಡಿಸುತ್ತಿತ್ತು.

ತಂಗಿ ಹೊಸ ಸ್ಕೂಟರ್ ತೆಗೆದುಕೊಂಡಳು. ಹಬ್ಬುವಾಡದ ಒಂದು ದವಾಖಾನೆಯಲ್ಲಿ ಆಗ ಅವಳದು ತಾತ್ಕಾಲಿಕ ಕೆಲಸ. ತಪ್ಪದೆ ಹೊತ್ತಿಗೆ ಸರಿಯಾಗಿ ಬಂದರೆ ಮಳೆಗಾಲ ಮುಗಿಯುವಾಗ ಕಾಯಂ ಮಾಡುತ್ತೇವೆ ಎಂದಿದ್ದರು. ಒಂದು ದಿನ ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತು.

"ಅಣ್ಣಾ, ಶೋರೂಮಿಗೆ ತೋರಿಸ್ಕಂಡು ಬರ್ಲಾ?"

"ನಾ ಇರೂವಾಗ ಶೋರೂಮ್ ಎಂತಕ್ಕೆ ಮಾರಾಯ್ತಿ? ಕೀ ಕೊಡು ಇಲ್ಲಿ."

ಬಿಚ್ಚಿದೆ. ಗಾಳಿ ಸ್ಕ್ರೂ ಎಲ್ಲಿಯೂ ಇಲ್ಲ, ಕಾರ್ಬುರೇಟರೇ ಇಲ್ಲ! ನನ್ನಂಥ ಪಂಡಿತನಿಗೆ ಎಂಥ ಅವಮಾನ. ಸೈಲೆನ್ಸರಿನ ಕುತ್ತಿಗೆಗೆ ಹೋಗುವ ಒಂದು ವೈರನ್ನು ಎಳೆದು ನೋಡಿದೆ, ಕೈಗೇ ಬಂತು. ತುದಿಗೆ ಟೇಪು ಸುತ್ತಿ ಒಳಗೆ ತುರುಕಿದೆ. ಹಳದಿ ದೀಪದ ಮೇಲೂ ಒಂದು ತುಂಡು ಕಪ್ಪು ಟೇಪು ಹಚ್ಚಿದೆ. ದೀಪ ಕಾಣದಾಯಿತು. ರಿಪೇರಿ ಮುಗಿಯಿತು.

ಮುಂದಿನ ವಾರ ಮೊಬೈಲಿನ ಒಂದು ವಿಡಿಯೋದಿಂದ ನನಗೆ ಜ್ಞಾನೋದಯವಾಯಿತು. ಆ ವೈರಿನ ತುದಿಯ ಸೆನ್ಸರ್ ಹೊಗೆಯನ್ನು ಮೂಸಿ, ಪೆಟ್ರೋಲು ಹೆಚ್ಚಾಯಿತೋ ಕಮ್ಮಿಯಾಯಿತೋ ಎಂದು ಒಳಗಿನ ಕಂಪ್ಯೂಟರಿಗೆ ತಿಳಿಸುತ್ತದೆ. ಅದಕ್ಕೆ ತಕ್ಕಂತೆ ಇಂಜೆಕ್ಟರ್ ಹದವಾಗಿ ಪೆಟ್ರೋಲು ಚಿಮುಕಿಸುತ್ತದೆ. ಮೂಗು ಕಿತ್ತಮೇಲೆ ಅದು ಬರೀ ಅಂದಾಜಿನಲ್ಲಿ ಸುರಿಯತೊಡಗಿತ್ತು, ಥೇಟ್ ನನ್ನ ಹಾಗೆ. ಪೂರ್ತಿ ಉರಿಯದ ಪೆಟ್ರೋಲು ಕರಿ ಹೊಗೆಯಾಗಿ ಹೊರಬೀಳುತ್ತಿತ್ತು, ಪ್ಲಗ್ಗಿಗೆ ಮಸಿ ಕಟ್ಟುತ್ತಿತ್ತು. ತಂಗಿಯ ವೇಲಿಗೂ ಪೆಟ್ರೋಲಿನ ವಾಸನೆ.

ಗೊತ್ತಾದ ಮೇಲೆ ಹೇಳಿದೆನೆ? ಹೇಳಿದರೆ ಪಂಡಿತನ ಗತಿಯೇನು?

ದವಾಖಾನೆಗೆ ಹೋಗುವ ದಾರಿಯಲ್ಲಿ, ಬಿಣಗಾದಲ್ಲಿ, ಗಾಡಿ ನಿಲ್ಲತೊಡಗಿತು. ಒಂದು ಸಲವಲ್ಲ, ಮೂರು ಸಲ. ಪ್ರತಿಸಲ ನಾನು ಹೋಗಿ, ಪ್ಲಗ್ ಉಜ್ಜಿ, ಉಚಿತವಾಗಿ ಉಪದೇಶವನ್ನೂ ಕೊಟ್ಟೆ.

"ನಿಂಗೆ ಗಾಡಿ ಹೊಡೂಕೇ ಬರೂದಿಲ್ಲ. ಆಕ್ಸಿಲೇಟರ್ ಹಂಗೆ ತಿರುಪ್ತಾರಾ?"

"ತಪ್ಪಾಯ್ತು ಅಣ್ಣಾ. ಇನ್ನು ಮೆತ್ತಗೆ ಹೊಡಿತೆ. ಬೇಗ ಮಾಡು, ಇವತ್ತೂ ಲೇಟಾಯ್ತು."

ತಪ್ಪಾಯ್ತು ಎಂದವಳು ಅವಳು. ದವಾಖಾನೆಯಲ್ಲಿ ಅವಳ ನಂತರ ಸೇರಿದವಳನ್ನು ಕಾಯಂ ಮಾಡಿದರು.

ಆಮೇಲೆ ಹೊಗೆ ತಪಾಸಣೆಗೆ ಇಬ್ಬರೂ ಅಂಕೋಲೆಗೆ ಹೋದೆವು. ಗಾಡಿ ನಪಾಸು. ತಪಾಸಣೆಯವನು ಬಗ್ಗಿ ನೋಡಿ ಕೇಳಿದ:

"ಈ ಸೆನ್ಸರ್ ವಾಯರ್ ಕಿತ್ತವ್ರು ಯಾರು?"

"ಇಲಿ ಕಡ್ದದೆ ಕಾಣ್ತದೆ," ಎಂದೆ.

"ಹೌದಾ? ನಿಮ್ ಬದಿ ಇಲಿ ಟೇಪೂ ಸುತ್ತತದ್ಯಾ ಮಾರಾಯಾ?"

ತಂಗಿ ಟೇಪು ಸುತ್ತಿದ ಆ ವೈರಿನ ತುದಿಯನ್ನು ನೋಡಿದಳು. ಮೀಟರಿನ ಮೇಲಿದ್ದ ಟೇಪನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಕಿತ್ತಳು. ದೀಪ ಹಳದಿಯಾಗಿ ಉರಿಯುತ್ತಲೇ ಇತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು, ಅದರಲ್ಲಿ ನಾನು ನಿಜಕ್ಕೂ ಪಂಡಿತ.

ಶೋರೂಮಿನಲ್ಲಿ ಹೊಸ ಸೆನ್ಸರ್ ಹಾಕಿಸಿಕೊಂಡಳು. ಈಗ ಹೊಗೆಯಿಲ್ಲ, ವಾಸನೆಯಿಲ್ಲ. ಅವಳ ಕೆಲಸ ಮಾತ್ರ ಇನ್ನೂ ತಾತ್ಕಾಲಿಕ. ಆ ದೀಪ ಮೊದಲು ಯಾಕೆ ಹತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಿತ್ತವನು ನಾನೇ ಎಂದು ಅವಳೆದುರು ಬಾಯಿಬಿಟ್ಟು ಹೇಳಿಯೂ ಇಲ್ಲ. ಇಲ್ಲಿ ಬರೆಯುವಷ್ಟು ಧೈರ್ಯ ಮಾತ್ರ ಬಂದಿದೆ.

ಅವಳು ಈಗಲೂ ವಾರಕ್ಕೊಮ್ಮೆ ಗ್ಯಾರೇಜಿನೆದುರು ನಿಲ್ಲುತ್ತಾಳೆ, ಸ್ಕೂಟರಿನಿಂದ ಇಳಿಯುವುದಿಲ್ಲ.

"ಚಕ್ರಕ್ಕೆ ಗಾಳಿ ಹಾಕು ಅಣ್ಣಾ. ಬೇರೆ ಎಂತದೂ ಮುಟ್ಬೇಡ."